ಮಿಶ್ರ ತಳಿಯೋ ಶುದ್ಧ ತಳಿಯೋ: ಯಾವುದು ಸರಿ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಹೆಣ್ಣಿಗೆ 14 ತಿಂಗಳು, ಎರಡನೇ ಸಲ ಬೆದೆಗೆ ಬಂದಿದೆ. ಪಕ್ಕದ ಮನೆಯವರು ತಮ್ಮ ಮುಧೋಳ ಗಂಡಿನ ಜೊತೆ ಕೂಡಿಸೋಣ ಎನ್ನುತ್ತಾರೆ. ಮಿಶ್ರ ತಳಿ ಗಟ್ಟಿ ಎಂದು ಕೆಲವರು, ತಳಿ ಕೆಡಿಸಬೇಡಿ ಎಂದು ಕೆಲವರು. ಏನು ಮಾಡಲಿ?

ಉತ್ತರ: ಈ ಬೆದೆಯಲ್ಲಿ ಯಾವ ಗಂಡೂ ಬೇಡ. ಮರಿ ಮಾರುವವರು ಗಬ್ಬ ಕಟ್ಟಿಸುವ ಹೆಣ್ಣುನಾಯಿಗೆ ಕನಿಷ್ಠ 18 ತಿಂಗಳು ತುಂಬಿರಬೇಕೆಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಲ್ಯಾಬ್ರಡಾರ್‌ಗೆ ಎರಡು ವರ್ಷ ಕಾಯುವುದೇ ಒಳ್ಳೆಯದು, ಸೊಂಟದ ಕೀಲಿನ ಎಕ್ಸ್‌-ರೇಯನ್ನು ಆಗ ನಂಬಬಹುದು. ಸದ್ಯ ಮೂರು ವಾರ ಒಳಗೇ ಇಡಿ. ರಕ್ತ ತಿಳಿಯಾದ ಮೇಲೆಯೇ ಗಬ್ಬ ಕಟ್ಟುವ ದಿನಗಳು ಬರುತ್ತವೆ; ಬೆದೆ ಮುಗಿಯಿತೆಂದುಕೊಂಡು ಜನ ಬಾಗಿಲು ತೆರೆದು ತಪ್ಪು ಮಾಡುವುದು ಆಗಲೇ.

ಮಿಶ್ರ ತಳಿ ಗಟ್ಟಿ ಎಂಬುದು ಅರ್ಧ ನಿಜ. ತಂದೆತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಕಾಣಿಸುವ ರೋಗಗಳು ಬೇರೆ ತಳಿಯ ರಕ್ತ ಸೇರಿದಾಗ ಕಡಿಮೆಯಾಗುತ್ತವೆ. ಡಾಲ್ಮೇಷಿಯನ್‌ಗಳ ಮೂತ್ರದಲ್ಲಿ ಯೂರಿಕ್ ಆಮ್ಲ ಕಲ್ಲಾಗುವ ತೊಂದರೆ ನೀಗಿಸಲು ಅಮೆರಿಕದಲ್ಲಿ 1973ರಲ್ಲಿ ಒಮ್ಮೆ ಪಾಯಿಂಟರ್ ಎಂಬ ಬೇರೆ ತಳಿಯ ನಾಯಿಯನ್ನು ಕೂಡಿಸಿ, ಮುಂದಿನ ಪೀಳಿಗೆಗಳನ್ನು ಮತ್ತೆ ಡಾಲ್ಮೇಷಿಯನ್‌ಗಳ ಜೊತೆಗೇ ಕೂಡಿಸುತ್ತ ಬಂದರು. ಅದು ಜವಾಬ್ದಾರಿಯ ಮಿಶ್ರಣ. ಆದರೆ ಲ್ಯಾಬ್ರಡಾರ್, ಪೂಡಲ್ ಎರಡೂ ತಳಿಗಳಲ್ಲಿ ಕುರುಡು ತರುವ ಒಂದೇ ಜೀನ್ ದೋಷ ಇದೆ. ಇಬ್ಬರನ್ನೂ ಪರೀಕ್ಷಿಸದೆ ಕೂಡಿಸಿದರೆ ಮಿಶ್ರ ಮರಿಯೂ ಕುರುಡಾಗಬಹುದು. ಸೊಂಟದ ಕೀಲಿನ ದೋಷಕ್ಕೆ ಹಲವು ಜೀನ್‌ಗಳು ಕಾರಣವಾದ್ದರಿಂದ ಮಿಶ್ರಣವೊಂದೇ ಅದನ್ನು ತಡೆಯದು.

ಶುದ್ಧ ತಳಿಯ ಪತ್ರ ವಂಶ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಉಸಿರಾಡಲು ಒದ್ದಾಡುವ ಪಗ್‌ಗೆ ಎಂಥ ಪತ್ರವಿದ್ದರೂ ಅದರಿಂದ ಮರಿ ಮಾಡಿಸುವುದು ತಪ್ಪು. ರೂಪ ಉಳಿಯಲೆಂದು ಅಪ್ಪ-ಮಗಳನ್ನು ಕೂಡಿಸುವುದೂ ತಪ್ಪೇ.

ನಿಮ್ಮ ಜೋಡಿಯ ವಿಷಯದಲ್ಲಿ ನನಗಿರುವ ಚಿಂತೆ ಮರಿಗಳು ಸೇರುವ ಮನೆಗಳದ್ದು. ಮುಧೋಳ ಕಣ್ಣಿಗೆ ಬಿದ್ದದ್ದನ್ನು ಅಟ್ಟಿ ಓಡುವ ಬೇಟೆನಾಯಿ. ಒಂದೇ ಸೂಲಿನಲ್ಲಿ ಯಾವ ಮರಿಗೆ ಆ ಗುಣ ಬರುತ್ತದೆಂದು ಮೊದಲೇ ಹೇಳಲಾಗದು. ಸಾಧು ಲ್ಯಾಬ್ ಎಂದು ನಂಬಿ ಒಯ್ದವರು ವರ್ಷದೊಳಗೆ ಬೀದಿಗೆ ಬಿಡುತ್ತಾರೆ. ಒಳ್ಳೆಯ ಮುಧೋಳ ಗಂಡಿಗೆ ರಕ್ತಸಂಬಂಧವಿಲ್ಲದ ಮುಧೋಳ ಹೆಣ್ಣೇ ಸೂಕ್ತ. ಪಕ್ಕದ ಮನೆಯವರು ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಲಿ.

ಮುಂದೆ ಮರಿ ಬೇಕೇ ಎಂದಾದರೆ ಎರಡೂ ನಾಯಿಗಳಿಗೆ ಸೊಂಟದ ಎಕ್ಸ್‌-ರೇ, ಕಣ್ಣಿನ ತಪಾಸಣೆ, ಬ್ರುಸೆಲ್ಲಾ (ಕೂಡುವಾಗ ಹರಡಿ ಗಬ್ಬ ಕೆಡಿಸುವ ಸೋಂಕು) ರಕ್ತಪರೀಕ್ಷೆ ಮೊದಲು. ಲ್ಯಾಬ್ರಡಾರ್ ಏಳೆಂಟು ಮರಿ ಹಾಕುವುದು ಸಾಮಾನ್ಯ. ಅಷ್ಟಕ್ಕೂ ಮನೆ ಗೊತ್ತು ಮಾಡಿ, ಎಂಟು ವಾರಕ್ಕೆ ಮುಂಚೆ ಯಾವುದನ್ನೂ ಕೊಡಬೇಡಿ, ಬೇಡವೆಂದವರಿಂದ ವಾಪಸ್ ಪಡೆಯಲು ಸಿದ್ಧರಿರಿ. ಇಷ್ಟು ಆಗದಿದ್ದರೆ, ಬೆದೆ ಮುಗಿದು ಎರಡು-ಮೂರು ತಿಂಗಳಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಬೆದೆಯಲ್ಲಿರುವಾಗ ರಕ್ತನಾಳಗಳು ಹಿಗ್ಗಿರುವುದರಿಂದ ರಕ್ತಸ್ರಾವ ಹೆಚ್ಚು.