ಉಳಿದಿರುವ ಮೂರು ಲಕ್ಷ ನಲವತ್ತು ಸಾವಿರ ಯಾರದು?

ದಾವಣಗೆರೆಯ ಓದುಗರೊಬ್ಬರು ಬರೆದ ನಾಲ್ಕು ಪುಟಗಳ ಪತ್ರದ ಸಾರ ಇದು. ಅವರಿಗೆ 36 ವರ್ಷ, ಖಾಸಗಿ ಕಂಪನಿಯಲ್ಲಿ ನೌಕರಿ, ಶಾಲೆಗೆ ಹೋಗುವ ಮಗಳಿದ್ದಾಳೆ. 2022ರಿಂದ ಷೇರುಪೇಟೆಯಲ್ಲಿ ಆಪ್ಷನ್ ಟ್ರೇಡಿಂಗ್ (ಷೇರು ಅಥವಾ ಸೂಚ್ಯಂಕ ಗೊತ್ತಾದ ದಿನದೊಳಗೆ ಏರುವುದೋ ಇಳಿಯುವುದೋ ಎಂಬುದರ ಮೇಲೆ ಹಣ ಹಾಕುವ ವ್ಯವಹಾರ) ಮಾಡುತ್ತಿದ್ದಾರೆ. ಸೈಟು ಮಾರಿದ 13 ಲಕ್ಷ, ಉಳಿತಾಯದ 3 ಲಕ್ಷ, ಒಂದೂವರೆ ವರ್ಷದ ಹಿಂದೆ ಶೇ 14ರ ಬಡ್ಡಿಗೆ ತೆಗೆದ 4 ಲಕ್ಷದ ಪರ್ಸನಲ್ ಲೋನ್, ಹೆಂಡತಿಯ ಒಡವೆ ಅಡವಿಟ್ಟು ತಂದ 2 ಲಕ್ಷ, ಹೀಗೆ 22 ಲಕ್ಷ ಹಾಕಿದ್ದಾರೆ. ಈಗ ಖಾತೆಯಲ್ಲಿ ಉಳಿದಿರುವುದು 3 ಲಕ್ಷ 40 ಸಾವಿರ. 'ಇಲ್ಲಿಗೇ ನಿಲ್ಲಿಸಲೇ, ಅಥವಾ ಉಳಿದ ಹಣದಲ್ಲಿ ಶಿಸ್ತಿನಿಂದ ಕೊನೆಯ ಪ್ರಯತ್ನ ಮಾಡಲೇ?' ಎಂಬುದು ಅವರ ಪ್ರಶ್ನೆ. ಅವರ ಹೆಸರನ್ನು ಇಲ್ಲಿ ಕೊಟ್ಟಿಲ್ಲ.

ಆತ್ಮೀಯರೇ,

ನಿಮ್ಮ ಪತ್ರದ ಮೂರನೆಯ ಪುಟದ ಅಂಚಿನಲ್ಲಿ, 'ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಕೆಲವು ಸಲ ಬದುಕೇ ಬೇಡ ಅನಿಸುತ್ತದೆ' ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿದ್ದೀರಿ. ಹಣದ ಮಾತಿಗಿಂತ ಮೊದಲು ಅದಕ್ಕೆ ಉತ್ತರಿಸುತ್ತೇನೆ. ದಯವಿಟ್ಟು ಇವತ್ತೇ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನ ಮಾಡುತ್ತದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಕಳೆದುಹೋದ ಹದಿನೆಂಟೂವರೆ ಲಕ್ಷ ದೊಡ್ಡ ಮೊತ್ತವೇ ಹೌದು, ಆದರೆ ದುಡಿದು ತುಂಬಿಕೊಳ್ಳಬಹುದಾದ ಮೊತ್ತ. ನಿಮ್ಮ ಮಗಳಿಗೆ ಬೇಕಾಗಿರುವುದು ನೀವು, ಸೈಟಲ್ಲ.

ಇನ್ನು ನಿಮ್ಮ ಪ್ರಶ್ನೆ. ನಿಲ್ಲಿಸಿ ಎಂಬುದೇ ನನ್ನ ಉತ್ತರ. ಎರಡೂ ಕಡೆ ತೂಗಿ, ತೀರ್ಮಾನ ನಿಮಗೆ ಬಿಟ್ಟಿದ್ದು ಎಂದು ಬರೆಯಬಹುದಿತ್ತು. ಆದರೆ ನೀವು ಕಳುಹಿಸಿದ ಲೆಕ್ಕವನ್ನು ನೋಡಿದ ಮೇಲೆ ಹಾಗೆ ಬರೆಯಲು ಮನಸ್ಸು ಒಪ್ಪಲಿಲ್ಲ.

ಉಳಿದ 3 ಲಕ್ಷ 40 ಸಾವಿರವನ್ನು ನೀವು ಪತ್ರದುದ್ದಕ್ಕೂ 'ನನ್ನ ಕ್ಯಾಪಿಟಲ್' ಎಂದು ಕರೆದಿದ್ದೀರಿ. ಪರ್ಸನಲ್ ಲೋನಿನಲ್ಲಿ ಇನ್ನೂ 3 ಲಕ್ಷ 10 ಸಾವಿರ ಬಾಕಿ ಇದೆ, ಒಡವೆಯ ಮೇಲಿನ ಸಾಲ 2 ಲಕ್ಷ ಹಾಗೇ ಇದೆ. ಅಂದರೆ ಖಾತೆಯಲ್ಲಿರುವ ಅಷ್ಟನ್ನೂ ಕೊಟ್ಟರೂ ಇನ್ನೂ 1 ಲಕ್ಷ 70 ಸಾವಿರ ನೀವೇ ಕೊಡಬೇಕು. ನಿಮ್ಮ ಸ್ವಂತ ಹಣ ಎಂದೋ ಮುಗಿದುಹೋಗಿದೆ. ಈಗ ಆಡಲು ಹೊರಟಿರುವುದು ಬ್ಯಾಂಕಿನ ಹಣ ಮತ್ತು ನಿಮ್ಮಾಕೆಯ ಒಡವೆ. 'ಕೊನೆಯ ಪ್ರಯತ್ನ ಮಾಡಲೇ' ಎಂಬ ಪ್ರಶ್ನೆಯನ್ನು ಕೇಳಬೇಕಾಗಿರುವುದು ನನ್ನನ್ನಲ್ಲ, ಆ ಒಡವೆಯ ಒಡತಿಯನ್ನು.

ಕಳೆದುಕೊಂಡಲ್ಲೇ ಹುಡುಕಬೇಕೆಂಬ ತುಡಿತ ನನಗೆ ಅರ್ಥವಾಗದ್ದೇನಲ್ಲ. ಶಿರಾ ತಾಲ್ಲೂಕಿನ ನಮ್ಮ ಹೊಲದಲ್ಲಿ ತಂದೆಯವರು ಕೊಳವೆಬಾವಿ ಕೊರೆಸುವಾಗ ನಾನು ಹುಡುಗ, ಪಕ್ಕದಲ್ಲೇ ನಿಂತಿದ್ದೆ. ನಾನೂರೈವತ್ತು ಅಡಿ ದಾಟಿದರೂ ಬಿಳಿ ದೂಳು ಬಿಟ್ಟು ಬೇರೇನೂ ಮೇಲೆ ಬರಲಿಲ್ಲ. ಲಾರಿಯವನು ಮೋಟಾರು ನಿಲ್ಲಿಸಿ, 'ಇಷ್ಟು ಹೋಗಿದೀವಿ ಸ್ವಾಮಿ, ಇನ್ನೊಂದೈವತ್ತಡಿ ನೋಡೇಬಿಡೋಣ' ಎಂದ. ತಂದೆಯವರು ಮೈಮೇಲಿನ ದೂಳನ್ನೂ ಕೊಡವಿಕೊಳ್ಳದೆ ಹೂಂ ಎಂದರು. ಹಾಗೆ ಐವತ್ತೈವತ್ತು ಅಡಿಗೆ ನಾಲ್ಕು ಸಲ ಹೂಂ ಎಂದರು. ಸಂಜೆ ಲಾರಿ ಹೊರಟಾಗ ಅಮ್ಮನ ಎರಡೆಳೆ ಸರವನ್ನು ಮಾರುವುದೆಂದು ನಿರ್ಧಾರವಾಗಿತ್ತು. ಅಷ್ಟು ಅಡಿ ಕೊರೆದಾಗಿದೆ ಎಂಬುದು ಮುಂದಿನ ಅಡಿಗೆ ನೀರು ತರುವ ಸಂಗತಿಯಾಗಿರಲಿಲ್ಲ. ಆದರೂ ತಂದೆಯವರ ಪ್ರತಿ ಹೂಂಗೂ ಅದೊಂದೇ ಕಾರಣವಾಗಿತ್ತು. ನೀವು 22 ಲಕ್ಷ ಹಾಕಿದ್ದೀರೆಂದು ಷೇರುಪೇಟೆಯ ಸೂಚ್ಯಂಕವಾದ ನಿಫ್ಟಿಗೂ ಗೊತ್ತಿಲ್ಲ.

3 ಲಕ್ಷ 40 ಸಾವಿರ ಮತ್ತೆ 22 ಲಕ್ಷವಾಗಬೇಕಾದರೆ ಸುಮಾರು ಆರೂವರೆ ಪಟ್ಟು ಬೆಳೆಯಬೇಕು. ವರ್ಷಕ್ಕೆ ಶೇ 12ರಂತೆ ಬೆಳೆದರೂ ಅದಕ್ಕೆ ಹದಿನಾರೂವರೆ ವರ್ಷ ಬೇಕು. ನೀವು ಒಂದೇ ವರ್ಷದಲ್ಲಿ ಆಗಬೇಕೆನ್ನುತ್ತೀರಿ. ಹಾಗೆ ಗುರಿಯಿಟ್ಟುಕೊಂಡವರು ಪ್ರತಿ ಸಲವೂ ಹಣದ ದೊಡ್ಡ ಪಾಲನ್ನು ಪಣಕ್ಕೆ ಹಚ್ಚಲೇಬೇಕಾಗುತ್ತದೆ, ಮತ್ತು ಅಂಥ ಪಂದ್ಯದಲ್ಲಿ ಸತತ ನಾಲ್ಕೈದು ಸೋಲು ಬಂದರೆ ಖಾತೆ ಬರಿದಾಗುತ್ತದೆ. 'ಶಿಸ್ತಿನಿಂದ' ಎಂಬ ನಿಮ್ಮ ಮಾತು ಈ ಗುರಿಯ ಜೊತೆ ಒಂದೇ ಮನೆಯಲ್ಲಿ ಬಾಳಲಾರದು.

ಶಿಸ್ತಿನ ಬಗ್ಗೆ ನಿಮ್ಮ ನೋಟ್‌ಬುಕ್ಕೇ ಹೇಳುತ್ತದೆ. ನೀವು ಕಳುಹಿಸಿದ ಪುಟಗಳಲ್ಲಿ ಒಂದು ಮಂಗಳವಾರದ್ದು, ನಿಫ್ಟಿಯ ವಾರದ ಎಕ್ಸ್‌ಪೈರಿಯ ದಿನ, ಅಂದರೆ ಆ ವಾರದ ಆಪ್ಷನ್‌ಗಳ ಅವಧಿ ಮುಗಿಯುವ ದಿನ. ಪುಟದ ತುದಿಯಲ್ಲಿ ಕೆಂಪು ಶಾಯಿಯಲ್ಲಿ 'ದಿನದ ನಷ್ಟದ ಮಿತಿ 5,000' ಎಂದು ಬರೆದು ಎರಡು ಗೆರೆ ಎಳೆದಿದ್ದೀರಿ. ಬೆಳಿಗ್ಗೆ 10.20ಕ್ಕೆ ನಷ್ಟ 6,200 ಆಗಿದೆ. ಅಲ್ಲಿಂದ ಮುಂದೆ ಅಕ್ಷರ ಓಡತೊಡಗುತ್ತದೆ. ಸ್ಟಾಪ್ ಲಾಸ್ (ನಷ್ಟ ಮಿತಿ ಮುಟ್ಟಿದರೆ ವ್ಯವಹಾರವನ್ನು ತಾನಾಗಿ ನಿಲ್ಲಿಸುವ ಆರ್ಡರ್) ತೆಗೆದಿದ್ದು, ಬೆಲೆ ಇಳಿದಂತೆಲ್ಲ ಇನ್ನಷ್ಟು ಕೊಂಡು ಆವರೇಜ್ ಮಾಡಿದ್ದು, ಮಧ್ಯಾಹ್ನ ಊಟ ಬಿಟ್ಟಿದ್ದು, ಮೂರು ಗಂಟೆಯ ನಂತರ ಐದು ರೂಪಾಯಿಯ ಆಪ್ಷನ್‌ಗಳನ್ನು ರಾಶಿ ಕೊಂಡಿದ್ದು, ಅವೆಲ್ಲ ಸೊನ್ನೆಯಾಗಿದ್ದು. ಒಟ್ಟು 41 ಆರ್ಡರ್. ಒಂದಕ್ಕೆ 20 ರೂಪಾಯಿಯಂತೆ ಬ್ರೋಕರೇಜ್ ಒಂದೇ 820. ದಿನದ ನಷ್ಟ 58,000. ಇದನ್ನು ನಿಮ್ಮನ್ನು ನೋಯಿಸಲು ಎತ್ತಿ ಹೇಳುತ್ತಿಲ್ಲ. ನಿಯಮ ಗೊತ್ತಿಲ್ಲದೆ ನೀವು ಸೋತಿಲ್ಲ. ಸಾಲದ ಹಣವನ್ನು ಮುಂದಿಟ್ಟುಕೊಂಡು ಕುಳಿತ ಮನುಷ್ಯನ ಕೈಯಲ್ಲಿ ಯಾವ ನಿಯಮವೂ ನಿಲ್ಲುವುದಿಲ್ಲ.

ಈ ಸೋಲು ನಿಮ್ಮೊಬ್ಬರದಲ್ಲ ಎಂಬುದನ್ನೂ ತಿಳಿಯಿರಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಎಫ್ ಆ್ಯಂಡ್ ಓ) ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಯನ್ನು ಮೀರಿದೆ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. 2023-24ರಲ್ಲಿ ಸ್ವಂತ ಹಣದಿಂದ ವ್ಯವಹರಿಸುವ ದೊಡ್ಡ ಸಂಸ್ಥೆಗಳು ಖರ್ಚಿಗೆ ಮುಂಚೆ ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಲಾಭ ಮಾಡಿದ್ದಾರೆ, ಅದರಲ್ಲಿ ಬಹುಪಾಲು ಕಂಪ್ಯೂಟರಿನ ಆಲ್ಗೊರಿದಮ್ ಮೂಲಕ. ನೀವು ಕಚೇರಿಯ ಶೌಚಾಲಯದಲ್ಲಿ ಮೊಬೈಲ್ ಹಿಡಿದು ಕೊಂಡ ಆಪ್ಷನ್ನನ್ನು ನಿಮಗೆ ಮಾರಿದವರು ಅಂಥವರಾಗಿರುವ ಸಾಧ್ಯತೆಯೇ ಹೆಚ್ಚು. ಅದೇ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಅಂಕಿ: ಎರಡು ವರ್ಷ ಸತತವಾಗಿ ಕಳೆದುಕೊಂಡ ಮೇಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಬಿಡಲಿಲ್ಲ.

ಟ್ರೇಡಿಂಗ್ ಕಲಿಸುವ ನಲವತ್ತು ಸಾವಿರದ ಕೋರ್ಸಿನ ಬಗ್ಗೆ ಕೇಳಿದ್ದೀರಿ. ಸೇರಬೇಡಿ. ನಷ್ಟವನ್ನು ಮುಂದಿನ ವರ್ಷಗಳ ಲಾಭಕ್ಕೆ ಹೊಂದಿಸಿಕೊಳ್ಳಬಹುದು, ಬಿಟ್ಟರೆ ಅದು ವ್ಯರ್ಥ ಎಂದು ಸ್ನೇಹಿತರು ಹೇಳಿದ್ದಾರಂತೆ. ಆಪ್ಷನ್ ನಷ್ಟ ವ್ಯಾಪಾರದ ನಷ್ಟವೆಂದೇ ಗಣನೆಯಾಗುತ್ತದೆ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಸಂಬಳದ ಆದಾಯಕ್ಕೆ ಮಾತ್ರ ಹೊಂದಿಸಲಾಗದು. ಈ ಸಲವೂ ತಪ್ಪದೆ ಸಲ್ಲಿಸಿ. ಆದರೆ ತೆರಿಗೆ ಉಳಿಸಲೆಂದು ಲಾಭ ಹುಡುಕಿಕೊಂಡು ಮತ್ತೆ ಅಲ್ಲಿಗೇ ಹೋಗುವುದು ಬೇಡ.

ಈಗ ಮಾಡಬೇಕಾದ ಕೆಲಸ. ಇನ್ನೂ ಮುಗಿಸದೆ ತೆರೆದಿರುವ ವ್ಯವಹಾರ, ಅಂದರೆ ಪೊಸಿಷನ್‌ಗಳನ್ನು ಮುಚ್ಚಿ, ಹಣವನ್ನೆಲ್ಲ ಬ್ಯಾಂಕ್ ಖಾತೆಗೆ ತೆಗೆದುಕೊಳ್ಳಿ. ನಿಮ್ಮ ಟ್ರೇಡಿಂಗ್ ಖಾತೆಯಲ್ಲಿ ಎಫ್ ಆ್ಯಂಡ್ ಓ ವಿಭಾಗವನ್ನು ನಿಷ್ಕ್ರಿಯಗೊಳಿಸುವಂತೆ ಬ್ರೋಕರ್‌ಗೆ ಲಿಖಿತವಾಗಿ ತಿಳಿಸಿ. ಟಿಪ್ಸ್ ಕೊಡುವ ಟೆಲಿಗ್ರಾಂ ಗುಂಪುಗಳಿಂದ ಅದೇ ದಿನ ಹೊರಬನ್ನಿ. ಅರವತ್ತು ಸಾವಿರವನ್ನು ಮನೆಯ ತುರ್ತಿಗೆ ಇಟ್ಟುಕೊಂಡು, ಮೊದಲು ಒಡವೆ ಬಿಡಿಸಿಕೊಳ್ಳಿ. ಬಡ್ಡಿ ಹೆಚ್ಚಿರುವ ಸಾಲವನ್ನು ಮೊದಲು ತೀರಿಸಬೇಕೆಂಬುದು ಲೆಕ್ಕದ ದಾರಿ, ಅದು ನನಗೂ ಗೊತ್ತು. ಆದರೂ ಒಡವೆಯೇ ಮೊದಲು ಎನ್ನುತ್ತೇನೆ, ಅದು ನಿಮ್ಮದಲ್ಲವಾದ್ದರಿಂದ. ಮಿಕ್ಕ ಎಂಬತ್ತು ಸಾವಿರದಷ್ಟನ್ನು ಪರ್ಸನಲ್ ಲೋನಿಗೆ ಕಟ್ಟಿದರೆ, ಈಗಿನ 9,300 ರೂಪಾಯಿ ಕಂತಿನಲ್ಲೇ ಸುಮಾರು ಎರಡೂವರೆ ವರ್ಷಕ್ಕೆ ಆ ಸಾಲ ತೀರುತ್ತದೆ. ಅವಧಿಗೆ ಮುಂಚೆ ಕಟ್ಟಲು ಶುಲ್ಕವಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ.

ನಿಮ್ಮಾಕೆಗೆ 5 ಲಕ್ಷ ಹೋಗಿದೆ ಎಂದಷ್ಟೇ ಗೊತ್ತಿದೆ ಎಂದು ಬರೆದಿದ್ದೀರಿ. ಪೂರ್ತಿ ಮೊತ್ತವನ್ನು ಒಂದೇ ಸಲ ಹೇಳಿ. ಕಂತು ಕಂತಾಗಿ ಹೇಳಿದರೆ ಅವರು ಪ್ರತಿ ಕಂತಿಗೂ ಹೊಸದಾಗಿ ಕುಸಿಯಬೇಕಾಗುತ್ತದೆ. ಸಿಟ್ಟು ಬರುತ್ತದೆ, ಅಳು ಬರುತ್ತದೆ, ಕೆಲವು ದಿನ ಮಾತೂ ನಿಲ್ಲಬಹುದು. ಮಗಳು ಮಲಗಿದ ಮೇಲೆ ಕುಳಿತು, ಸಾಲದ ಪಟ್ಟಿಯನ್ನು ಕಾಗದದ ಮೇಲೆ ಬರೆದು ಅವರ ಕೈಗೆ ಕೊಡಿ. ನಿಮ್ಮ ನೋಟ್‌ಬುಕ್ಕಿನ ಪುಟಗಳನ್ನು ಈ ಉತ್ತರದ ಪ್ರತಿಯೊಂದಿಗೆ ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ಆ ಮಂಗಳವಾರದ ಪುಟ ಎಲ್ಲಕ್ಕಿಂತ ಮೇಲಿದೆ. ಅದನ್ನೂ ಅವರಿಗೆ ತೋರಿಸಿ.

ಸಂಪಾದಕ