ಕೆರೆಯಲ್ಲಿ ಬಾಪ್ತಿಸ್ಮ ಆದ ಆ ವರ್ಷ ಯಾವುದು?

ಪ್ರಶ್ನೆ: ನಮ್ಮದು ಬಂಗಾರಪೇಟೆ ತಾಲ್ಲೂಕಿನ ಹಳ್ಳಿಯ ಒಂದು ಚಿಕ್ಕ ಬ್ಯಾಪ್ಟಿಸ್ಟ್ ಸಭೆ. ಹೆಂಚಿನ ಚರ್ಚು ಸೋರ್ತಾ ಇದೆ ಅಂತ ಬಿಚ್ಚಿ ಮೋಲ್ಡ್ ಹಾಕಿಸೋಕೆ ತೀರ್ಮಾನ ಆಗಿದೆ. ಸಾಮಾನು ತೆಗೀವಾಗ ಒಂದು ಟ್ರಂಕಲ್ಲಿ 38 ಹಳೇ ಫೋಟೋ ಸಿಕ್ಕಿವೆ. ನಮ್ಮ ಮುತ್ತಾತ ನೆಲ್ಲೂರು ಕಡೆಯಿಂದ ಕೆಜಿಎಫ್ ಗಣಿಗೆ ಬಂದವರು, ಸಭೆ ಅವರ ಕಾಲದ್ದು ಅಂತಾರೆ, ಕಾಗದಪತ್ರ ಏನೂ ಇಲ್ಲ. ಒಂದು ಫೋಟೋಲಿ ಪಾಸ್ಟರು, ನಾಲ್ಕು ಜನ ಕೆರೆಯಲ್ಲಿ ಸೊಂಟದ ತನಕ ನೀರಲ್ಲಿ ನಿಂತಿದ್ದಾರೆ. ಇನ್ನೊಂದರಲ್ಲಿ ಪಾಸ್ಟರ ಕೈಲಿ ಎಳೇ ಮಗು, ಹಿಂದೆ ‘ಬಾಪ್ತಿಸ್ಮ’ ಅಂತ ಬರೆದಿದೆ, ಈಗಿನ ಪಾಸ್ಟರು ಅದು ತಪ್ಪು ಅಂತಾರೆ. ಇವುಗಳಿಂದ ಸಭೆಯ ಚರಿತ್ರೆ ಬರೆಯೋಕಾಗುತ್ತಾ, ವರ್ಷ ಹೇಗೆ ಗೊತ್ತು ಮಾಡೋದು?

ಉತ್ತರ: ಖಂಡಿತ ಆಗುತ್ತೆ. ಆದ್ರೆ ವರ್ಷದ ಚಿಂತೆ ಆಮೇಲೆ, ಮೊದಲು ಹೆಸರು. ವರ್ಷಾನ ಇನ್ನು ಹತ್ತು ವರ್ಷ ಬಿಟ್ಟೂ ಹುಡುಕಬಹುದು, ಹೆಸರು ಹೇಳೋರು ಅಷ್ಟು ದಿನ ಇರಲ್ಲ. ನಮ್ಮ ತಾಯಿ ಮನೇಲಿ 23 ಜನ ಇರೋ ಒಂದು ಗ್ರೂಪ್ ಫೋಟೋ ಇತ್ತು, ಹಬ್ಬಕ್ಕೆ ಹೋದಾಗ ಅಜ್ಜೀನ ಕೇಳಿದ್ರಾಯ್ತು ಅಂತ ಎರಡು ವರ್ಷ ಮುಂದೂಡಿದ್ವಿ, ಅಜ್ಜಿ ಹೋದ್ಮೇಲೆ ನಮಗೆ ಉಳಿದಿದ್ದು ಒಂಬತ್ತು ಹೆಸರು ಮಾತ್ರ, ಇವತ್ತಿಗೂ ಆ ಫೋಟೋ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅದಕ್ಕೇ ಹೇಳ್ತಿದೀನಿ, ಈ ವಾರಾನೇ ಒಂದೊಂದನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸ್ಕೊಂಡು ವಯಸ್ಸಾದವರ ಮನೆಮನೆಗೆ ಹೋಗಿ. ಆರಾಧನೆ ಮುಗಿದ್ಮೇಲೆ ಎಲ್ಲರನ್ನೂ ಕೂರಿಸಿ ತೋರಿಸ್ಬೇಡಿ, ಗುಂಪಲ್ಲಿ ಜೋರಾಗಿ ಮಾತಾಡೋರು ಹೇಳಿದ್ದೇ ನಿಜ ಆಗ್ಬಿಡುತ್ತೆ, ಮೂಲೆಯಲ್ಲಿ ಕೂತಿರೋ ಅಜ್ಜಿಗೆ ಗೊತ್ತಿರೋದು ಹೊರಗೆ ಬರಲ್ಲ. ಅವರು ತೆಲುಗಲ್ಲಿ ಹೇಳಿದ್ರೆ ತೆಲುಗಲ್ಲೇ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳಿ. ಹಿಂದಿನ ಸಾಲಲ್ಲಿ ಸೆರಗು ಹೊದ್ದು ನಿಂತ ಹೆಂಗಸರ ಹೆಸರನ್ನೂ ಬಿಡದೆ ಕೇಳಿ, ‘ಇಂಥವರ ಹೆಂಡತಿ’ ಅಂತ ಬರ್ಕೊಂಡು ಸುಮ್ಮನಾಗ್ಬೇಡಿ.

ಮಗು ವಿಷಯದಲ್ಲಿ ನಿಮ್ಮ ಪಾಸ್ಟರು ಹೇಳಿದ್ದೇ ಸರಿ. ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಎಳೇ ಮಕ್ಕಳಿಗೆ ಬಾಪ್ತಿಸ್ಮ ಕೊಡಲ್ಲ, ಬುದ್ಧಿ ಬಂದು ತಾನೇ ನಂಬಿದೀನಿ ಅಂತ ಬಾಯಿಬಿಟ್ಟು ಹೇಳಿದವರಿಗೆ ಮಾತ್ರ, ಅದೂ ನೀರು ಚಿಮುಕಿಸೋದಲ್ಲ, ಪೂರ್ತಿ ಮುಳುಗಿಸೋದು. ಹಾಗಾಗಿ ಅದು ಶಿಶು ಸಮರ್ಪಣೆ ಫೋಟೋ ಇರಬೇಕು, ಅಂದ್ರೆ ನೀರಿಲ್ಲದೆ ಬರೀ ಪ್ರಾರ್ಥನೆ ಮಾಡಿ ಮಗೂನ ದೇವರಿಗೆ ಒಪ್ಪಿಸೋದು, ಬರೆದವರು ಬೇರೆ ಸಭೆಯ ರೂಢಿಯಲ್ಲಿದ್ದೋರೇನೋ. ಹಿಂದಿನ ಬರಹ ಅಳಿಸ್ಬೇಡಿ, ಅದೂ ಚರಿತ್ರೆನೇ. ನಿಮ್ಮ ತಿದ್ದುಪಡಿ ಬೇರೆ ನೋಟ್‌ಬುಕ್ಕಲ್ಲಿರಲಿ. ಫೋಟೋ ಹಿಂದೆ ಬಾಲ್‌ಪೆನ್ ಅಂತೂ ಬೇಡ, ಅಚ್ಚು ಮುಂದಕ್ಕೆ ಮೂಡುತ್ತೆ, ನಂಬರ್ ಹಾಕೋಕೆ ಮೆತ್ತನೆ ಪೆನ್ಸಿಲ್ ಸಾಕು.

ನನಗೆ ತುಂಬ ಹಿಡಿಸಿದ್ದು ಕೆರೆ ಫೋಟೋ. ಅದನ್ನ ಹಿಡ್ಕೊಂಡು ಕೆರೆ ಏರಿ ಮೇಲೆ ಹೋಗಿ, ತೂಬಿನ ಕಲ್ಲುಕಂಬ ಫೋಟೋಲಿ ಎಲ್ಲಿ ಕಾಣುತ್ತೋ ಅಲ್ಲೇ ಕಾಣೋ ತನಕ ಹಿಂದೆ ಮುಂದೆ ಸರೀರಿ, ಫೋಟೋ ತೆಗೆದವರು ನಿಂತ ಜಾಗ ಸಿಗುತ್ತೆ. ಆಮೇಲೆ ಫೋಟೋಲಿ ನೀರು ಎಲ್ಲಿವರೆಗೆ ಇದೆ ನೋಡಿ. ನಮ್ಮ ಕೋಲಾರದ ಕೆರೆಗಳು ವರ್ಷಾ ವರ್ಷ ತುಂಬೋವಲ್ಲ, ತುಂಬಿದ್ರೂ ಹೆಚ್ಚಾಗಿ ಹಿಂಗಾರು ಮಳೆಗೆ, ಅಕ್ಟೋಬರ್ ನವೆಂಬರಲ್ಲಿ. ಹಾಗಾಗಿ ಫೋಟೋಲಿ ಕೆರೆ ತುಂಬಿದ್ರೆ ಅದು ಅಂಥ ಕೆಲವೇ ವರ್ಷಗಳಲ್ಲಿ ಒಂದು. ಹಿರಿಯರನ್ನ ‘ಇದು ಯಾವ ಇಸವಿ’ ಅಂತ ಕೇಳಿದ್ರೆ ತಡವರಿಸ್ತಾರೆ, ‘ಕೆರೆ ಕೋಡಿ ಹರಿದಾಗ ನಿಮಗೆ ಮದುವೆ ಆಗಿತ್ತಾ, ಎಷ್ಟನೇ ಮಗು ಕಂಕುಳಲ್ಲಿತ್ತು’ ಅಂತ ಕೇಳಿ, ಥಟ್ಟಂತ ಹೇಳ್ತಾರೆ, ಸಭೆಯವರನ್ನೇ ಅಲ್ಲ ಕೆರೆ ಕೆಳಗೆ ಗದ್ದೆ ಇದ್ದ ಬೇರೆ ಮನೆಯವರನ್ನೂ ಕೇಳಿ.

ಮಿಕ್ಕ ಸುಳಿವುಗಳು ಫೋಟೋ ಒಳಗೇ ಇರುತ್ತವೆ. ಹಿಂದೆ ಬಸ್ ನಿಂತಿದ್ದು ಅದರ ಮೇಲೆ ಎಂಎಸ್‌ಆರ್‌ಟಿಸಿ (ಮೈಸೂರು ರಾಜ್ಯದ ಸರ್ಕಾರಿ ಸಾರಿಗೆ) ಅಂತಿದ್ರೆ 1961ರಿಂದ 1973ರ ನಡುವಿಂದು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ್ಮೇಲೇನೇ ಅದು ಕೆಎಸ್‌ಆರ್‌ಟಿಸಿ ಆಗಿದ್ದು. ಅಕ್ಷರ ಬದಲಾಯಿಸೋಕೆ ಸ್ವಲ್ಪ ಕಾಲ ಹಿಡಿದಿರುತ್ತೆ, ಅಷ್ಟು ಆಚೀಚೆ ಇಟ್ಕೊಳಿ. ಚಿಕ್ಕ ಚೌಕದ ಕಪ್ಪುಬಿಳುಪು ಪ್ರಿಂಟ್‌ಗಳು ಆಗ್ಫಾ ಕ್ಲಿಕ್ ಥರದ ಡಬ್ಬಿ ಕ್ಯಾಮೆರಾದ್ದಿರಬಹುದು, ಒಂದು ರೋಲಿಗೆ 12 ಫೋಟೋ, ಅಂದ್ರೆ ಒಂದೇ ದಿನದ ಜೊತೆ ಫೋಟೋಗಳು ಟ್ರಂಕಲ್ಲೇ ಇರಬಹುದು, ಸೀರೆ ಅಂಚು ಹೋಲಿಸಿ ನೋಡಿ. ಹೆಂಚು ಇಳಿಸುವಾಗ ಅಡಿಭಾಗದಲ್ಲಿ ಮಂಗಳೂರಿನ ಫ್ಯಾಕ್ಟರಿ ಹೆಸರಿದ್ರೆ ನಾಲ್ಕು ಹೆಂಚು ಎತ್ತಿಡಿ, ಆದ್ರೆ ಅದರ ಮೇಲಿನ ಇಸವಿ ಫ್ಯಾಕ್ಟರಿ ಶುರುವಾದ ವರ್ಷನೂ ಆಗಿರಬಹುದು, ಅದನ್ನೇ ಚರ್ಚಿನ ವರ್ಷ ಅಂತ ಕಲ್ಲಲ್ಲಿ ಕೆತ್ತಿಸ್ಬೇಡಿ! ಮದುವೆ ಫೋಟೋ ಇದ್ರೆ ಇನ್ನೂ ಸುಲಭ. 1872ರ ಕ್ರಿಶ್ಚಿಯನ್ ಮದುವೆ ಕಾಯ್ದೆ ಪ್ರಕಾರ ಪಾಸ್ಟರು ರಿಜಿಸ್ಟರ್ ಬರೀಬೇಕು, ಅದರ ನಕಲು ಸರ್ಕಾರಕ್ಕೂ ಹೋಗಬೇಕು. ಹಳೇ ಪಾಸ್ಟರ ಮಕ್ಕಳ ಮನೆ ಅಟ್ಟದಲ್ಲಿ ಆ ರಿಜಿಸ್ಟರ್ ಇದ್ರೂ ಇರಬಹುದು, ಹೋಗಿ ಕೇಳಿ.

ನೆಲ್ಲೂರಿನ ಎಳೆಯನ್ನ ಮಾತ್ರ ಬಿಡ್ಬೇಡಿ. ಅಮೆರಿಕದ ಬ್ಯಾಪ್ಟಿಸ್ಟರು 1840ರಲ್ಲೇ ನೆಲ್ಲೂರಲ್ಲಿ ಮಿಷನ್ ಶುರು ಮಾಡಿದ್ರು, 1876–78ರ ಬರ ಮುಗಿತಾ ಬಂದ ಹೊತ್ತಿಗೆ ಒಂಗೋಲು ಕಡೆ 1878ರ ಜುಲೈನಲ್ಲಿ ಒಂದೇ ದಿನ 2,222 ಜನ ಬಾಪ್ತಿಸ್ಮ ತಗೊಂಡ್ರು, ಅದೂ ಗುಂಡ್ಲಕಮ್ಮ ನದಿ ನೀರಲ್ಲಿ. ನಿಮ್ಮ ಮುತ್ತಾತನ ಮನೆತನ ಆ ಕಾಲದ್ದಾ ಅಂತ ಕುಟುಂಬದಲ್ಲಿ ವಿಚಾರಿಸಿ, ಟ್ರಂಕಲ್ಲಿ ತೆಲುಗು ಕೀರ್ತನೆ ಪುಸ್ತಕ, ಬೈಬಲ್ ಇದ್ರೆ ಮೊದಲ ಹಾಳೆ ತೆರೆದು ನೋಡಿ, ಹುಟ್ಟು ಸಾವು ಬರೀತಿದ್ದದ್ದು ಅಲ್ಲೇ. 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾಗಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕೂಡಿದಾಗ ಬ್ಯಾಪ್ಟಿಸ್ಟರು ಅದಕ್ಕೆ ಸೇರಲಿಲ್ಲ, ಹಾಗಾಗಿ ಸಿಎಸ್‌ಐ ಆಫೀಸಲ್ಲಿ ನಿಮ್ಮ ಸಭೆಯ ಕಾಗದ ಹುಡುಕಿ ಕಾಲ ಕಳೀಬೇಡಿ.

ಪ್ರಶ್ನೆ: ಚಿಂತಾಮಣಿಯಿಂದ ಇನ್ನೊಬ್ಬ ಓದುಗರು ಕೇಳಿದ್ದಾರೆ: ಫ್ರೇಮಿನ ಗಾಜಿಗೆ ಫೋಟೋ ಅಂಟ್ಕೊಂಡಿದೆ, ಬಿಸಿನೀರಲ್ಲಿ ನೆನೆಸಿ ಬಿಡಿಸಬಹುದಾ?

ಉತ್ತರ: ಬೇಡ, ದಯವಿಟ್ಟು ಬೇಡ. ಮುಖದ ಪದರವೇ ಗಾಜಿಗೆ ಹತ್ಕೊಂಡು ಬಂದ್ಬಿಡುತ್ತೆ. ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಮಗುಚಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಮೂಲ ಫೋಟೋನ ಗಾಜಿನ ಜೊತೆಗೇ ಹತ್ತಿ ಬಟ್ಟೇಲಿ ಸುತ್ತಿ ಬಿಸಿಲು, ತೇವ ಎರಡೂ ಇಲ್ಲದ ಕಡೆ ಇಟ್ಬಿಡಿ.