ಬೆಳಗಿನ ಗರಗರ ಸದ್ದಿಗೆ ಎಣ್ಣೆ ಮದ್ದಲ್ಲ

ಪ್ರಶ್ನೆ: ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಹಳೆಯ ಐ3 ಕಂಪ್ಯೂಟರ್. ಬೆಳಿಗ್ಗೆ ಆನ್ ಮಾಡಿದರೆ ಗರಗರ ಸದ್ದು, ಆಮೇಲೆ ತಾನಾಗಿ ಕಡಿಮೆಯಾಗುತ್ತದೆ. ಅಂಗಡಿಯ ಹುಡುಗ ಫ್ಯಾನಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ. ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಶುರುವಾಯಿತು. ಈಗ ‘ಸಿಪಿಯು ಫ್ಯಾನ್ ಎರರ್, ಎಫ್1 ಒತ್ತಿ’ ಎಂದು ಬರುತ್ತಿದೆ. ಒತ್ತಿದರೆ ಕೆಲಸವೇನೋ ನಡೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ತೀರಾ ನಿಧಾನ. ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟುಕೊಂಡು ದಿನ ದೂಡಬಹುದೇ?
– ಓದುಗಿ, ಶಿರಸಿ

ಉತ್ತರ: ಬೇಡ ತಾಯಿ. ಟೇಬಲ್ ಫ್ಯಾನಿನ ಗಾಳಿ ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಪಟ್ಟಿಗಳ ಸಂದಿಗೆ ಹೋಗುವುದು ಅಷ್ಟಕ್ಕಷ್ಟೆ. ಜೆರಾಕ್ಸ್ ಅಂಗಡಿಯ ಕಾಗದದ ಪುಡಿಯಂತೂ ತಪ್ಪದೆ ಹೋಗುತ್ತದೆ.

ಎಫ್1 ಒತ್ತುವುದನ್ನು ಇವತ್ತೇ ನಿಲ್ಲಿಸಿ. ಫ್ಯಾನಿನ ಮೂರನೆಯ ತಂತಿ ಅದು ಎಷ್ಟು ಸುತ್ತು ತಿರುಗುತ್ತಿದೆ ಎಂದು ಮದರ್‌ಬೋರ್ಡಿಗೆ ಲೆಕ್ಕ ಒಪ್ಪಿಸುತ್ತಿರುತ್ತದೆ. ಲೆಕ್ಕ ಕಡಿಮೆ ಬಿದ್ದಾಗ ಬರುವ ಎಚ್ಚರಿಕೆ ಅದು. ಮಧ್ಯಾಹ್ನದ ನಿಧಾನಕ್ಕೂ ಹೆಚ್ಚಾಗಿ ಇದೇ ಕಾರಣ: ಬಿಸಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಹುಡುಗನನ್ನು ಬೈಯಬೇಡಿ, ನಮ್ಮ ರಿಪೇರಿಯವರೇ ಎಷ್ಟೋ ಜನ ಎಣ್ಣೆ ಬಿಟ್ಟು ದುಡ್ಡು ಇಸಿದುಕೊಂಡು ಕಳಿಸುತ್ತಾರೆ. ಅಗ್ಗದ ಫ್ಯಾನುಗಳಲ್ಲಿರುವುದು ಸ್ಲೀವ್ ಬೇರಿಂಗ್, ಅಂದರೆ ಫ್ಯಾನಿನ ಕಡ್ಡಿ ತಿರುಗುವ ಸಣ್ಣ ಕೊಳವೆ. ಒಳಗಿನ ಎಣ್ಣೆ ಒಣಗಿ ಅಂಟಾಗುತ್ತದೆ, ಬೆಳಗಿನ ಚಳಿಗೆ ಇನ್ನಷ್ಟು ಬಿಗಿಯುತ್ತದೆ. ಹೊಸ ಎಣ್ಣೆಗೆ ಸದ್ದು ಅಡಗುವುದು ನಿಜ, ಆದರೆ ಸವೆದು ಅಗಲವಾದ ತೂತು ಮತ್ತೆ ಕಿರಿದಾಗುವುದಿಲ್ಲ.

ಖಚಿತ ಮಾಡಿಕೊಳ್ಳಲು ಪ್ಲಗ್ ಕಿತ್ತು, ಫ್ಯಾನನ್ನು ಬೆರಳಿನಿಂದ ತಿರುಗಿಸಿ. ಒಳ್ಳೆಯದು ನಯವಾಗಿ ಓಡಿ ನಿಲ್ಲುತ್ತದೆ. ಕೆಟ್ಟದ್ದು ಬೆರಳು ತೆಗೆದ ಕೂಡಲೇ ನಿಲ್ಲುತ್ತದೆ, ಅಲುಗಿಸಿದರೆ ಲೊಡಲೊಡ ಎನ್ನುತ್ತದೆ. ಹಿಂಬದಿಯ ಕ್ಯಾಬಿನೆಟ್ ಫ್ಯಾನೂ ಹಾಗಿದ್ದರೆ ಬದಲಿಸಿಬಿಡಿ. ಅಳತೆ ಸ್ಕ್ರೂ ತೂತಿನ ಅಂತರದಿಂದ ತಿಳಿಯುತ್ತದೆ: 105 ಮಿ.ಮೀ. ಇದ್ದರೆ 120ರ ಫ್ಯಾನ್, 71.5 ಇದ್ದರೆ 80ರದ್ದು. ಸದ್ದು ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯೊಳಗಿಂದ ಬಂದರೆ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಪ್ರೊಸೆಸರ್ ಮೇಲಿನದ್ದಕ್ಕೆ ಬರೀ ಫ್ಯಾನ್ ಹುಡುಕುತ್ತಾ ಅಲೆಯುವ ಬದಲು ಫ್ಯಾನ್, ಪಟ್ಟಿ ಎರಡೂ ಸೇರಿದ ಇಡೀ ಕೂಲರ್ ತನ್ನಿ. ಇಂಟೆಲ್‌ನ 1155, 1150, 1151, 1200 ಸಾಕೆಟ್‌ಗಳಿಗೆಲ್ಲ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ತೂತಿನ ಅಂತರ ಒಂದೇ, 75 ಮಿ.ಮೀ. ಹೊಸ 1700ರದ್ದು 78. ಅದನ್ನು ಕೊಟ್ಟರೆ ವಾಪಸು ಮಾಡಿ. ಹಳೆಯದರ ನಾಲ್ಕು ಕಾಲುಗಳನ್ನು ಬಾಣದ ಗುರುತಿನತ್ತ ತಿರುಗಿಸಿ ಮೇಲೆತ್ತಿದರೆ ಬರುತ್ತದೆ. ಪ್ರೊಸೆಸರ್‌ನ ಬಿಸಿಯನ್ನು ಕೂಲರಿಗೆ ದಾಟಿಸುವ, ಈಗ ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿ. ಹೊಸ ಕೂಲರಿಗೆ ಪೇಸ್ಟ್ ಮೊದಲೇ ಬಳಿದಿದ್ದರೆ ಅದೂ ಬೇಡ. ಕಾಲುಗಳನ್ನು ಒಂದಾದ ಮೇಲೆ ಅದರ ಎದುರು ಮೂಲೆಯದ್ದನ್ನು ಒತ್ತಿ. ನಾಲ್ಕೂ ‘ಟಕ್’ ಎನ್ನಲೇಬೇಕು. ಮೂರು ಕೂತು ಒಂದು ಎದ್ದಿದ್ದರೆ ಹೊಸ ಫ್ಯಾನ್ ಎಷ್ಟು ತಿರುಗಿದರೂ ಬಿಸಿ ಇಳಿಯುವುದಿಲ್ಲ.

ವೈರನ್ನು ಬೋರ್ಡಿನ ಮೇಲೆ ‘ಸಿಪಿಯು ಫ್ಯಾನ್’ ಎಂದು ಬರೆದಿರುವ ಪಿನ್ನುಗಳಿಗೇ ಚುಚ್ಚಿ. ಮೂರು ಪಿನ್ನಿನದ್ದೂ ಅಲ್ಲಿ ಕೂರುತ್ತದೆ, ಆದರೆ ವೇಗ ಏರಿಳಿಸುವ ತಂತಿ ಇಲ್ಲದೆ ಹಲವು ಬೋರ್ಡುಗಳಲ್ಲಿ ದಿನವಿಡೀ ಪೂರ್ತಿ ವೇಗದಲ್ಲೇ ಹೊಯ್ಯೆನ್ನುತ್ತದೆ. ಅಂಗಡಿಯಲ್ಲಿ ನಾಲ್ಕು ಪಿನ್ನಿನದ್ದೇ ಕೇಳಿ.